ಸತ್ಯಶುದ್ಧ ಕಾಯಕ ಮತ್ತು ವಾಣಿಜ್ಯನೀತಿ

ವಾಣಿಜ್ಯನೀತಿಯೆಂಬುದು ಈಗ ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆದಿದೆ. ವ್ಯವಹಾರ ನಿರ್ವಹಣೆಯ ತರಗತಿಗಳಲ್ಲಿ ಅದನ್ನು ಪಾಠ್ಯವಿಷಯವಾಗಿ ಬೋಧಿಸುತ್ತಾರೆ. ಪಾಶ್ಚಾತ್ಯ ತತ್ತ್ವಜ್ಞರ ಮತಗಳನ್ನು ಅಲ್ಲಿ ಉದಾಹರಿಸುವುದು ವಾಡಿಕೆ. ಅದು ಆಕ್ಷೇಪಾರ್ಹವೇನಲ್ಲ. ಆದರೆ ಲಾಭಕ್ಕೂ ಧರ್ಮಕ್ಕೂ ಇರುವ ಸಂಬಂಧವೇನು, ದುಡಿದವನಿಗೆ ನ್ಯಾಯವಾಗಿ ಸಲ್ಲತಕ್ಕ ಪಾಲೆಷ್ಟು, ಸಲ್ಲದ ದಾರಿಯಲ್ಲಿ ಬಂದ ಧನವು ದಾನದಿಂದ ಶುದ್ಧವಾಗುವುದೇ ಎಂಬ ಪ್ರಶ್ನೆಗಳನ್ನು ಕನ್ನಡ ನಾಡು ಎಂಟು ಶತಮಾನಗಳ ಹಿಂದೆಯೇ ಎತ್ತಿಕೊಂಡಿತ್ತು. ಎತ್ತಿದವರು ಅಕ್ಕಿ ಆಯುವವರು, ಹಗ್ಗ ಹೊಸೆಯುವವರು, ಸೌದೆ ಹೊರುವವರು. ಅವರು ಕೊಟ್ಟ ಉತ್ತರದ ವೈಶಿಷ್ಟ್ಯವನ್ನು ಅದರ ಹಿಂದಿನ ಹಾಗೂ ಮುಂದಿನ ವಿಚಾರಗಳೊಡನೆ ಹೋಲಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಕೌಟಿಲ್ಯನ ತಕ್ಕಡಿ

ಮೈಸೂರಿನ ಲಕ್ಷ್ಮೀಪುರಂನಿಂದ ಕಾಲ್ನಡಿಗೆಯ ದೂರದಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ. 1891ರಲ್ಲಿ ಓರಿಯಂಟಲ್ ಲೈಬ್ರರಿಯೆಂದು ಆರಂಭವಾದ ಈ ಸಂಸ್ಥೆಯಲ್ಲಿ 1905ರಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯನ್ನು ಗುರುತಿಸಿದರು. 1909ರಲ್ಲಿ ಮೂಲಗ್ರಂಥವನ್ನೂ 1915ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನೂ ಅವರು ಪ್ರಕಟಿಸಿದರು. ಹೆಸರು ಮಾತ್ರ ಕೇಳಿಬರುತ್ತಿದ್ದ ಗ್ರಂಥವೊಂದು ಹೀಗೆ ನಮ್ಮ ಊರಿನಿಂದ ಲೋಕಕ್ಕೆ ದೊರೆಯಿತು.

ವ್ಯಾಪಾರವನ್ನು ಕುರಿತು ಕೌಟಿಲ್ಯನ ದೃಷ್ಟಿ ನಿಷ್ಠುರವಾದುದು. ಕಳ್ಳರೆಂಬ ಹೆಸರಿಲ್ಲದಿದ್ದರೂ ಕಳ್ಳರಂತೆಯೇ ಪ್ರಜೆಗಳನ್ನು ಪೀಡಿಸಬಲ್ಲವರ ಸಾಲಿನಲ್ಲಿ ಅವನು ವರ್ತಕರನ್ನೂ ಸೇರಿಸುತ್ತಾನೆ. ಅವರಿಂದ ಪ್ರಜೆಗಳನ್ನು ಕಾಯುವ ವಿಧಾನವನ್ನು ‘ಕಂಟಕಶೋಧನ’ವೆಂಬ ಅಧಿಕರಣದಲ್ಲಿ ನಿರೂಪಿಸಿದ್ದಾನೆ. ತೂಕ ಅಳತೆಗಳ ಮೇಲ್ವಿಚಾರಣೆಗೆ ಪೌತವಾಧ್ಯಕ್ಷನೆಂಬ ಅಧಿಕಾರಿ ಇರಬೇಕು. ತೂಕದ ಕಲ್ಲುಗಳನ್ನು ಕಬ್ಬಿಣದಿಂದಲೋ, ನೀರು ತಾಗಿದರೆ ಹೆಚ್ಚದ ಶಿಲೆಯಿಂದಲೋ ಮಾಡಬೇಕು. ನಾಲ್ಕು ತಿಂಗಳಿಗೊಮ್ಮೆ ಅವುಗಳನ್ನು ಪರೀಕ್ಷಿಸಿ ಮುದ್ರೆಯೊತ್ತಬೇಕು. ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ ಸರಕಿಗೆ ನೂರಕ್ಕೆ 10 ಲಾಭವೆಂಬ ಮಿತಿಯುಂಟು. ವರ್ತಕರು ಒಳಸಂಚು ಮಾಡಿ ಬೆಲೆಯನ್ನು ಏರುಪೇರು ಮಾಡಿದರೆ 1000 ಪಣ ದಂಡ ತೆರಬೇಕು.

ಈ ವ್ಯವಸ್ಥೆಯ ವಿವೇಕವನ್ನು ಅಲ್ಲಗಳೆಯಲಾಗದು. ತೂಕ ಅಳತೆಗಳ ಬಗೆಗೆ 2009ರಲ್ಲಿ ಭಾರತ ಸರ್ಕಾರ ಮಾಡಿದ ಕಾನೂನು ಮಾಪನಶಾಸ್ತ್ರ ಅಧಿನಿಯಮವೂ, 1986ರಲ್ಲಿ ಬಂದು 2019ರಲ್ಲಿ ಹೊಸ ರೂಪ ತಾಳಿದ ಗ್ರಾಹಕ ಸಂರಕ್ಷಣಾ ಅಧಿನಿಯಮವೂ ಸ್ಥೂಲವಾಗಿ ಈ ಜಾಡಿನಲ್ಲಿಯೇ ಇವೆ. ಆದರೆ ಇಲ್ಲಿ ನೀತಿಯ ಕಾವಲುಗಾರ ಅಂಗಡಿಯ ಹೊರಗೆ ನಿಂತಿದ್ದಾನೆ. ಅಧಿಕಾರಿಯು ಬಾರದ ದಿನ ತಕ್ಕಡಿಯನ್ನು ನೇರವಾಗಿ ಹಿಡಿಸುವ ಶಕ್ತಿ ಯಾವುದು? ಈ ಪ್ರಶ್ನೆಯನ್ನು ಅರ್ಥಶಾಸ್ತ್ರ ಉತ್ತರಿಸುವುದಿಲ್ಲ. ಉತ್ತರಿಸುವುದು ಅದರ ಕಾರ್ಯವೂ ಅಲ್ಲ.

ಶಾಸನ ಹೇಳುವುದು, ಹೇಳದೆ ಉಳಿಯುವುದು

ರಾಜದಂಡದ ಹೊರತಾಗಿ ವರ್ತಕರು ತಮಗೆ ತಾವೇ ವಿಧಿಸಿಕೊಂಡ ಕಟ್ಟುಪಾಡುಗಳೂ ಇದ್ದವು. ಅಯ್ಯಾವೊಳೆಯ, ಎಂದರೆ ಇಂದಿನ ಐಹೊಳೆಯ, ಐನೂರ್ವರೆಂಬ ವರ್ತಕಸಂಘ ತನ್ನನ್ನು ವೀರಬಣಂಜುಧರ್ಮದ ಪ್ರತಿಪಾಲಕನೆಂದು ಕರೆದುಕೊಂಡಿತು. ಬಳ್ಳಿಗಾವೆಯಂಥ ಪಟ್ಟಣಗಳಿಂದ ತಮಿಳುನಾಡಿನವರೆಗೆ, ಕಡಲಾಚೆ ಸುಮಾತ್ರಾ ದ್ವೀಪದ 1088ರ ತಮಿಳು ಶಾಸನದವರೆಗೆ ಈ ಸಂಘದ ಹೆಸರು ಕಾಣಿಸುತ್ತದೆ. ಮೆಣಸು, ಅಡಕೆ, ವೀಳ್ಯದೆಲೆ, ಬಟ್ಟೆಗಳ ಹೇರಿಗೆ ಇಷ್ಟಿಷ್ಟೆಂದು ಆಯವನ್ನು ತಾವೇ ಗೊತ್ತುಪಡಿಸಿ, ದೇವಾಲಯಕ್ಕೂ ಮಠಕ್ಕೂ ಕೆರೆಗೂ ಬಿಟ್ಟುಕೊಟ್ಟ ವರ್ತಕರ ಸಂಗತಿ ಕನ್ನಡ ಶಾಸನಗಳಲ್ಲಿ ಹೇರಳವಾಗಿದೆ.

ಇಲ್ಲಿ ಇತಿಹಾಸದ ವಿದ್ಯಾರ್ಥಿಯು ಗಮನಿಸಬೇಕಾದ ಅಂಶವೊಂದುಂಟು. ಶಾಸನವು ಕೊಟ್ಟುದನ್ನು ದಾಖಲಿಸುತ್ತದೆ, ಗಳಿಸಿದುದನ್ನು ದಾಖಲಿಸುವುದಿಲ್ಲ. ದಾನಿಯ ಬಿರುದುಗಳು ಹತ್ತಾರು ಸಾಲುಗಳಲ್ಲಿ ಹರಿಯುತ್ತವೆ. ದಾನಕ್ಕೆ ಅಳಿಪಿದವನಿಗೆ ಶಾಪವೂ ಇರುತ್ತದೆ. ಆ ಧನವು ಯಾವ ತಕ್ಕಡಿಯಿಂದ ಬಂದಿತೆಂಬುದನ್ನು ಕಲ್ಲು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಿದ ವಾಙ್ಮಯವನ್ನು ಅರಸುತ್ತ ಹೊರಟರೆ ನಾವು ಬಂದು ನಿಲ್ಲುವುದು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ವಚನಗಳ ಮುಂದೆ.

ಮೂವರು ಶರಣರು, ಮೂರು ನಿರಾಕರಣೆಗಳು

ಶರಣರು ವ್ಯಾಪಾರವನ್ನು ಹೀನವೆಂದು ತಳ್ಳಿದವರಲ್ಲ. ವ್ಯಾಪಾರಕ್ಕಾಗಿ ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದ ಆದಯ್ಯ ವಚನಕಾರನಾದ; ಅವನ ಚರಿತ್ರೆಯನ್ನು ರಾಘವಾಂಕನು ‘ಸೋಮನಾಥ ಚಾರಿತ್ರ’ದಲ್ಲಿ ಹಾಡಿದ. ಸುಂಕ ವಸೂಲಿಯ ಬಂಕಣ್ಣ, ನೂಲುವ ಕದಿರ ರೆಮ್ಮವ್ವೆ ಮೊದಲಾದವರು ತಮ್ಮ ಕಸುಬಿನ ಮಾತಿನಲ್ಲಿಯೇ ಅನುಭಾವವನ್ನು ನುಡಿದರು. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಭಂಡಾರದ ಹಣವನ್ನು ಜಂಗಮರಿಗೆ ಸೂರೆಮಾಡುತ್ತಿದ್ದಾರೆಂಬ ದೂರು ದೊರೆಯ ಬಳಿಗೆ ಹೋದುದನ್ನೂ, ಲೆಕ್ಕ ನೋಡಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂಬುದನ್ನೂ ಬಸವಪುರಾಣದ ಪರಂಪರೆ ಹೇಳುತ್ತದೆ. ಲೆಕ್ಕಕ್ಕೆ ಅಂಜದಿರುವುದು ಶರಣತ್ವದ ಒಂದು ಲಕ್ಷಣವಾಯಿತು.

ಆದರೆ ಈ ನೀತಿಯ ಹೃದಯವಿರುವುದು ಶೂನ್ಯಸಂಪಾದನೆಯಲ್ಲಿ ಬರುವ ಮೂವರು ಶರಣರ ಪ್ರಸಂಗಗಳಲ್ಲಿ. ಗೂಳೂರು ಸಿದ್ಧವೀರಣ್ಣೊಡೆಯರ ಸಂಕಲನದಲ್ಲಿ ಈ ಮೂವರಿಗೂ ಪ್ರತ್ಯೇಕ ಅಧ್ಯಾಯಗಳಿವೆ.

ಮೊದಲನೆಯವನು ಆಯ್ದಕ್ಕಿ ಮಾರಯ್ಯ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ. ಅದನ್ನು ಕಂಡ ಸತಿ ಲಕ್ಕಮ್ಮ, ಹೆಚ್ಚಿನದು ಆಸೆಯ ಗುರುತೆಂದು ತಿಳಿಯಹೇಳಿ, ಇದ್ದ ಕಡೆಯಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದಳು. ಎರಡನೆಯವನು ನುಲಿಯ ಚಂದಯ್ಯ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವವನು. ಅವನ ಪರವಾಗಿ ಲಿಂಗಯ್ಯನೇ ಹಗ್ಗವನ್ನು ಮಾರಿ, ಅದಕ್ಕೆ ಸಲ್ಲುವುದಕ್ಕಿಂತ ಎಷ್ಟೋ ಮಿಗಿಲಾದ ಬೆಲೆಯನ್ನು ತಂದಾಗ ಚಂದಯ್ಯ ಅದನ್ನು ಒಪ್ಪಲಿಲ್ಲವೆಂದು ಪರಂಪರೆಯ ಕಥೆ. ಮೂರನೆಯವನು ಕಾಶ್ಮೀರದ ಅರಸುತನವನ್ನು ತೊರೆದು ಬಂದನೆಂದು ಪ್ರಸಿದ್ಧನಾದ ಮೋಳಿಗೆಯ ಮಾರಯ್ಯ. ಸೌದೆ ಹೊತ್ತು ಬಾಳುತ್ತಿದ್ದ ಅವನ ಗುಡಿಸಲಿನಲ್ಲಿ ಬಸವಣ್ಣನವರು ಗುಟ್ಟಾಗಿ ಇಟ್ಟುಹೋದ ಹೊನ್ನನ್ನು ಅವನು ತನ್ನದೆನ್ನಲಿಲ್ಲ.

ಈ ಮೂರು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸತ್ಯ ಹೊಳೆಯುತ್ತದೆ. ಮೂರರಲ್ಲಿಯೂ ಕಳವು ನಡೆದಿಲ್ಲ. ಅಕ್ಕಿ ನೆಲಕ್ಕೆ ಚೆಲ್ಲಿದುದು. ಹಗ್ಗದ ಬೆಲೆ ಕೊಂಡವನು ಇಷ್ಟಪಟ್ಟು ಕೊಟ್ಟುದು. ಹೊನ್ನು ಮಹಾಪುರುಷನೊಬ್ಬನ ಕಾಣಿಕೆ. ಕೌಟಿಲ್ಯನ ಪೌತವಾಧ್ಯಕ್ಷನಾಗಲಿ ಇಂದಿನ ನ್ಯಾಯಾಲಯವಾಗಲಿ ಇವುಗಳಲ್ಲಿ ಒಂದನ್ನೂ ಅಪರಾಧವೆನ್ನಲಾರದು. ಆದರೂ ಶರಣನ ಕೈ ಹಿಂದೆ ಸರಿಯಿತು. ತನ್ನ ದುಡಿಮೆಗೆ ಸಮವಲ್ಲದುದು ನ್ಯಾಯವಾಗಿ ಬಂದರೂ ತನ್ನದಲ್ಲವೆಂಬುದು ಅವನ ತೂಕ. ಕಾನೂನು ಮುಗಿದ ಎಡೆಯಲ್ಲಿ ಶರಣರ ವಾಣಿಜ್ಯನೀತಿ ಆರಂಭವಾಗುತ್ತದೆ. ಬೀದಿಯಲ್ಲಿ ಬಿದ್ದ ಹೊನ್ನು ವಸ್ತ್ರಗಳನ್ನು ಕಂಡರೂ ಕೈಯೆತ್ತಿ ಮುಟ್ಟೆನೆಂಬ ಆಶಯದ ವಚನವನ್ನು ನುಡಿದ ಸತ್ಯಕ್ಕ ಅಂಗಳ ಗುಡಿಸುವ ಕಾಯಕದವಳೆಂಬುದನ್ನು ನೆನೆದರೆ, ಈ ನೀತಿ ಸಿರಿವಂತರ ವೈಭವದ ತ್ಯಾಗವಾಗಿರದೆ ಬಡವರ ದಿನನಿತ್ಯದ ವ್ರತವಾಗಿತ್ತೆಂಬುದು ಮನದಟ್ಟಾಗುತ್ತದೆ.

ಪಾಶ್ಚಾತ್ಯ ಮತಗಳೊಡನೆ ಹೋಲಿಕೆ

ಜರ್ಮನಿಯ ತತ್ತ್ವಜ್ಞ ಕಾಂಟನು 1785ರಲ್ಲಿ ಪ್ರಕಟಿಸಿದ ನೀತಿಗ್ರಂಥದಲ್ಲಿ ಒಬ್ಬ ಅಂಗಡಿಕಾರನ ದೃಷ್ಟಾಂತವುಂಟು. ಅನುಭವವಿಲ್ಲದ ಗಿರಾಕಿಗೂ ಅವನು ಹೆಚ್ಚು ಬೆಲೆ ಹೇಳುವುದಿಲ್ಲ. ಮಗು ಬಂದು ಕೊಂಡರೂ ಒಂದೇ ಬೆಲೆ. ನಮ್ಮ ಲಕ್ಷ್ಮೀಪುರಂನ ಯಾವುದಾದರೂ ಕಿರಾಣಿ ಅಂಗಡಿಗೆ ಮಗುವಿನ ಕೈಯಲ್ಲಿ ಚೀಟಿ ಕೊಟ್ಟು ಕಳುಹಿಸುವ ತಾಯಿಗೆ ಈ ದೃಷ್ಟಾಂತ ಬೇಗ ಅರ್ಥವಾದೀತು. ಆದರೆ ಕಾಂಟನು ಕೇಳುವುದು ಬೇರೆಯೇ ಪ್ರಶ್ನೆ. ಆ ಅಂಗಡಿಕಾರ ಪ್ರಾಮಾಣಿಕನಾಗಿರುವುದು ವ್ಯಾಪಾರ ಕೈತಪ್ಪೀತೆಂಬ ಭಯದಿಂದಲೋ, ಅದು ಕರ್ತವ್ಯವೆಂಬ ಅರಿವಿನಿಂದಲೋ? ಮೊದಲನೆಯದಾದರೆ ಕೃತ್ಯವು ಸರಿಯಾದುದೇ ಹೊರತು ಅದರಲ್ಲಿ ನೈತಿಕ ಮೌಲ್ಯವಿಲ್ಲವೆಂಬುದು ಅವನ ಸಿದ್ಧಾಂತ. ಇಂಗ್ಲೆಂಡಿನ ಬೆಂಥಮ್, ಮಿಲ್ ಮೊದಲಾದ ಉಪಯುಕ್ತತಾವಾದಿಗಳು ಬಹುಜನರ ಸುಖವನ್ನು ಅಳತೆಗೋಲಾಗಿಸಿಕೊಂಡರು. ಗ್ರೀಸಿನ ಅರಿಸ್ಟಾಟಲನು ಅಭ್ಯಾಸದಿಂದ ನೆಲೆಗೊಳ್ಳುವ ಸದ್ಗುಣವನ್ನು ಎತ್ತಿಹಿಡಿದ.

ಶರಣರ ನಿಲುವಿನಲ್ಲಿ ಈ ಮೂರರ ಅಂಶಗಳೂ ಇವೆ. ಅಂತರಂಗದ ಶುದ್ಧಿಯನ್ನು ಕೇಳುವಲ್ಲಿ ಅದು ಕಾಂಟನಿಗೆ ಸಮೀಪ. ಗಳಿಕೆಯು ದಾಸೋಹವಾಗಿ ಸಮಾಜಕ್ಕೆ ಹರಿಯಬೇಕೆನ್ನುವಲ್ಲಿ ಬಹುಜನಹಿತವಿದೆ. ಪ್ರತಿದಿನದ ಕಾಯಕವೇ ಶೀಲವನ್ನು ರೂಪಿಸುವಲ್ಲಿ ಸದ್ಗುಣದ ಅಭ್ಯಾಸವಿದೆ. ಆದರೆ ಒಂದು ವಿಷಯದಲ್ಲಿ ಶರಣರು ಬೇರೆಯಾಗಿಯೇ ನಿಲ್ಲುತ್ತಾರೆ. ಕಾಂಟನ ಅಂಗಡಿಕಾರ ತನ್ನೊಳಗೆ ತಾನೇ ತೀರ್ಪು ಕೊಟ್ಟುಕೊಳ್ಳಬೇಕು. ಮಾರಯ್ಯನಿಗಾದರೋ ಮನೆಯಲ್ಲಿ ಲಕ್ಕಮ್ಮನಿದ್ದಳು. ಗಳಿಕೆಯನ್ನು ತೂಗಿ ನೋಡುವ ಅಧಿಕಾರ ಸತಿಗೆ ಇತ್ತು; ಪತಿ ಅದಕ್ಕೆ ತಲೆಬಾಗಿದ. ಅಂತರಂಗದ ಸಾಕ್ಷಿಗೆ ಸಂಸಾರದ ಸಾಕ್ಷಿಯನ್ನೂ ಅನುಭವಮಂಟಪದ ಸಾಕ್ಷಿಯನ್ನೂ ಜೋಡಿಸಿದುದು ಕಲ್ಯಾಣದ ಕೊಡುಗೆ.

ಹೊಸಗಾಲದ ಪ್ರಯೋಗಗಳು

ಇಷ್ಟು ನಿಷ್ಠುರವಾದ ನೀತಿಯಿಂದ ವ್ಯಾಪಾರ ನಡೆದೀತೇ, ಬಂಡವಾಳ ಕೂಡೀತೇ ಎಂದು ಕೇಳುವವರಿದ್ದಾರೆ. ಇದು ಉಪೇಕ್ಷಿಸತಕ್ಕ ಆಕ್ಷೇಪವಲ್ಲ. ನಾಳೆಗೆಂದು ಏನನ್ನೂ ಉಳಿಸದ ಕಾಯಕದಿಂದ ಅಂಗಡಿ ನಡೆಯದು, ಗಿರಣಿ ನಿಲ್ಲದು. ಇದಕ್ಕೆ ಸಮಾಧಾನ ಇತಿಹಾಸದಲ್ಲಿಯೇ ಇದೆ.

ಮೈಸೂರಿನಲ್ಲಿ ಅರ್ಥಶಾಸ್ತ್ರ ಬೆಳಕಿಗೆ ಬಂದ 1905ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಕೂಡಿದ ಬಂಡವಾಳಕ್ಕೆ ಎಲ್ಲರೂ ಒಡೆಯರು, ಲೆಕ್ಕ ಎಲ್ಲರ ಮುಂದೆ ಎಂಬುದು ಸಹಕಾರದ ಸೂತ್ರ. ವಿಜಯಪುರದಲ್ಲಿ ವಚನಪಿತಾಮಹ ಫ.ಗು. ಹಳಕಟ್ಟಿಯವರು 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೆ ಕಾರಣರಾದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದವರೂ, ತಾಳೆಗರಿಗಳ ಮುದ್ರಣಕ್ಕಾಗಿ ಮನೆಯನ್ನು ಮಾರಿದವರೂ ಅವರೇ. ವಚನಗಳ ಸಂಗ್ರಹಕಾರರೇ ಬ್ಯಾಂಕಿನ ಕಟ್ಟಾಳುವಾದುದು ಆಕಸ್ಮಿಕವಲ್ಲವೆಂದು ನಮ್ಮ ಭಾವನೆ. ಬಂಡವಾಳವು ಒಬ್ಬನ ಸೊತ್ತಾಗದೆ ಸಮುದಾಯದ ನಂಬಿಕೆಯ ಠೇವಣಿಯಾದಾಗ ಶರಣರ ನೀತಿಗೂ ವಾಣಿಜ್ಯಕ್ಕೂ ವಿರೋಧ ಉಳಿಯುವುದಿಲ್ಲ.

ಖಾಸಗಿ ವರ್ತಕರಲ್ಲಿಯೂ ಈ ದಾರಿಯನ್ನು ಹಿಡಿದವರುಂಟು. ಗುಬ್ಬಿಯಲ್ಲಿ ಹುಟ್ಟಿ ಬೆಂಗಳೂರಿನ ಪೇಟೆಯಲ್ಲಿ ವ್ಯಾಪಾರ ಮಾಡಿದ ತೋಟದಪ್ಪನವರು (1838-1910) ರೈಲ್ವೆ ನಿಲ್ದಾಣದ ಬಳಿ ಕಟ್ಟಿಸಿದ ಧರ್ಮಛತ್ರ 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಂದ ಆರಂಭಗೊಂಡಿತು. ಮಕ್ಕಳಿಲ್ಲದ ಅವರು ತಮ್ಮ ಆಸ್ತಿಯನ್ನು ಧರ್ಮಸಂಸ್ಥೆಗೆ ಒಪ್ಪಿಸಿದರು. ಮೈಸೂರಿನ ವರ್ತಕರಾದ ಧರ್ಮಪ್ರಕಾಶ ಡಿ. ಬನುಮಯ್ಯನವರ ಹೆಸರು ಅವರ ವಿದ್ಯಾಸಂಸ್ಥೆಗಳಲ್ಲಿ ಉಳಿದಿದೆ.

ದಾಸೋಹಕ್ಕೆ ಮೊದಲು ಕಾಯಕ

ಈಗ ನಮ್ಮ ಕಾಲಕ್ಕೆ ಬರೋಣ. 2013ರ ಕಂಪನಿಗಳ ಅಧಿನಿಯಮದ 135ನೆಯ ವಿಧಿಯಂತೆ ನಿಶ್ಚಿತ ಪ್ರಮಾಣಕ್ಕೆ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜಹಿತಕ್ಕೆ ವಿನಿಯೋಗಿಸಬೇಕು. ಇದರಿಂದ ಶಾಲೆಗಳಿಗೂ ಆಸ್ಪತ್ರೆಗಳಿಗೂ ಒಳಿತಾಗಿದೆ. ಇದನ್ನು ಆಧುನಿಕ ದಾಸೋಹವೆಂದು ವೇದಿಕೆಗಳಲ್ಲಿ ಹೊಗಳುವುದನ್ನು ಕೇಳುತ್ತೇವೆ. ಆದರೆ ಲಕ್ಕಮ್ಮನ ಪ್ರಶ್ನೆ ಆ 2ರ ಬಗೆಗೆ ಇರಲಾರದು. ಉಳಿದ 98ರ ಬಗೆಗೆ ಇದ್ದೀತು. ಅದು ಹೇಗೆ ಬಂದಿತು? ಕೂಲಿಯವನಿಗೆ ಸಲ್ಲಬೇಕಾದುದು ಸಂದಿತೇ? ರೈತನ ಮೂಟೆಯನ್ನು ತೂಗುವಾಗ ತಕ್ಕಡಿಯ ಮುಳ್ಳು ಎಲ್ಲಿ ನಿಂತಿತ್ತು?

ನಮ್ಮ ಸಮಾಜದಲ್ಲಿ ದಾಸೋಹದ ಸ್ಮರಣೆ ಉಳಿದಷ್ಟು ಕಾಯಕಶುದ್ಧಿಯ ಸ್ಮರಣೆ ಉಳಿಯಲಿಲ್ಲವೆಂಬುದನ್ನು ವಿಷಾದದಿಂದ ಹೇಳಬೇಕಾಗಿದೆ. ಇದಕ್ಕೆ ಕಾರಣ ಸ್ಪಷ್ಟ. ದಾಸೋಹ ಕಣ್ಣಿಗೆ ಕಾಣುತ್ತದೆ. ಪಂಕ್ತಿಯಲ್ಲಿ ಉಂಡವರು ಅದನ್ನು ಸಾರುತ್ತಾರೆ. ಗೋಡೆಯ ಅಮೃತಶಿಲೆಯ ಮೇಲೆ ಹೆಸರು ಮೂಡುತ್ತದೆ. ಕಾಯಕಶುದ್ಧಿಗೆ ಶಿಲೆಯಿಲ್ಲ. ಬೇಡವೆಂದು ಹಿಂದಿರುಗಿಸಿದ ಹಣಕ್ಕೆ ರಸೀದಿ ಬರೆಯುವವರಿಲ್ಲ. ಹೀಗೆ ಹಳೆಯ ಶಾಸನಗಳ ಮೌನವನ್ನೇ ನಾವು ಮುಂದುವರಿಸಿಕೊಂಡು ಬಂದಿದ್ದೇವೆ. ಮಾರಯ್ಯನೂ ಅಕ್ಕಿ ತಂದುದು ದಾಸೋಹಕ್ಕೇ ಎಂಬುದನ್ನು ಮರೆಯಬಾರದು. ಜಂಗಮರಿಗೆ ಉಣಬಡಿಸುವುದಕ್ಕೆಂದು ತಂದ ಅಕ್ಕಿಯನ್ನೂ ಲಕ್ಕಮ್ಮ ಒಪ್ಪಲಿಲ್ಲ. ಉದ್ದೇಶ ಎಷ್ಟೇ ಪವಿತ್ರವಾಗಿರಲಿ, ಅದು ಗಳಿಕೆಯ ದೋಷವನ್ನು ಕಳೆಯಲಾರದೆಂಬ ನಿರ್ಣಯ ಇಲ್ಲಿದೆ. ಕೊಡುವವನಂತೆಯೇ ಪಡೆಯುವವನಿಗೂ ಹೊಣೆಯುಂಟೆಂಬ ಧ್ವನಿಯೂ ಇದೆ. ಮಠಗಳೂ ವಿದ್ಯಾಸಂಸ್ಥೆಗಳೂ ಸಭೆ ಸಂಘಗಳೂ ಕಾಣಿಕೆಯ ತಟ್ಟೆಯನ್ನು ಮುಂದೆ ಹಿಡಿಯುವಾಗ ಈ ಧ್ವನಿಗೆ ಕಿವಿಗೊಡುವುದು ಶ್ರೇಯಸ್ಕರ.

ಕರ್ನಾಟಕ ಸರ್ಕಾರವು 1993ರಲ್ಲಿ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿದ ಮೇಲೆ ಅವು ದುರ್ಲಭವೆಂಬ ನೆವ ಯಾರಿಗೂ ಉಳಿದಿಲ್ಲ. ವಾಣಿಜ್ಯ ಓದುವ ತರುಣರು ಕಾಂಟ್, ಮಿಲ್ಲರ ಜೊತೆಗೆ ಲಕ್ಕಮ್ಮ, ಚಂದಯ್ಯ, ಸತ್ಯಕ್ಕರನ್ನೂ ಓದಲಿ. ಸಂತೆಪೇಟೆಯ ಮಂಡಿಯಲ್ಲಿ ಕುಳಿತ ಭಕ್ತರು ಸಂಜೆ ಕಿರ್ದಿಯನ್ನು ಮುಚ್ಚುವ ಮೊದಲು ಅಂದಿನ ಗಳಿಕೆಯಲ್ಲಿ ಹಿಂದಕ್ಕೆ ಸುರಿಯಬೇಕಾದ ಅಕ್ಕಿ ಎಷ್ಟಿದೆಯೆಂದು ಒಮ್ಮೆ ನೋಡಲಿ. ಆ ಲೆಕ್ಕ ಸರಿಹೋದ ಮನೆಯಲ್ಲಿ ದಾಸೋಹವು ಪಿಡಿಯಷ್ಟೇ ಆಗಿದ್ದರೂ ಶರಣರಿಗೆ ಅದು ಸಲ್ಲುತ್ತದೆ.