ಹಿಮ, ಕುದಿನೀರು ಮತ್ತು ಎಂಟು ತಂತಿಗಳು

ನಮ್ಮ ಮನೆಯ ಇಸ್ತ್ರಿ ಪೆಟ್ಟಿಗೆಯ ಹಿಂಬದಿಗೆ ಒಂದು ಸಣ್ಣ ತಗಡು ಅಂಟಿಸಿದ್ದಾರೆ. ಅದರ ಮೇಲೆ 230 ವೋಲ್ಟ್, 1000 ವಾಟ್ ಎಂದು ಬರೆದಿದೆ. ಹೈಸ್ಕೂಲಿನ ಹುಡುಗನಿಗೆ ಇಷ್ಟು ಸಾಕು. ಸಾವಿರವನ್ನು ಇನ್ನೂರ ಮೂವತ್ತರಿಂದ ಭಾಗಿಸಿ, ಹರಿಯುವ ಪ್ರವಾಹ ಸುಮಾರು 4.35 ಆಂಪಿಯರ್ ಎನ್ನುತ್ತಾನೆ; ಒತ್ತಡವನ್ನು ಆ ಪ್ರವಾಹದಿಂದ ಭಾಗಿಸಿ, ಒಳಗಿನ ಕಾದ ಸುರುಳಿಯ ರೋಧ ಸುಮಾರು 53 ಓಮ್ ಎನ್ನುತ್ತಾನೆ. ಎರಡು ಭಾಗಾಕಾರಗಳು, ಅಷ್ಟೆ. ಕನ್ನಡ ಪಾಠ ಹೇಳುವ ನನಗೂ ತಿಳಿಯುವ ಲೆಕ್ಕ. ಆದರೆ ಇಷ್ಟು ಸುಲಭವಾದ ಮಾತು ಲೋಕಕ್ಕೆ ತಿಳಿಯಲು ಅಷ್ಟೊಂದು ಕಾಲ ಏಕೆ ಹಿಡಿಯಿತು ಎಂಬುದು ಮಾತ್ರ ನನ್ನನ್ನು ಬಹುದಿನ ಕಾಡಿದ ಪ್ರಶ್ನೆ.

ತಿಳಿದವನೊಬ್ಬ ಮೊದಲೇ ಇದ್ದ. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ 1781ರಷ್ಟು ಹಿಂದೆಯೇ ಈ ನಿಯಮದ ಹೊಸ್ತಿಲನ್ನು ತುಳಿದಿದ್ದ. ಪ್ರವಾಹವನ್ನು ಅಳೆಯುವ ಉಪಕರಣ ಆಗ ಇರಲಿಲ್ಲ. ಆತ ತನ್ನ ಮೈಯನ್ನೇ ಉಪಕರಣ ಮಾಡಿಕೊಂಡ. ಉಪ್ಪುನೀರು ತುಂಬಿದ ನಳಿಗೆಗಳ ಮೂಲಕ ವಿದ್ಯುತ್ತನ್ನು ತನ್ನ ದೇಹಕ್ಕೆ ಹರಿಯಬಿಟ್ಟು, ಯಾವ ಏಟು ಬಲವಾದುದು, ಯಾವುದು ಮೆಲ್ಲನೆಯದು ಎಂದು ಹೋಲಿಸಿ ನೋಡಿದ. ಮಹಾ ಮೌನಿ. ಕಂಡದ್ದನ್ನು ಬರೆದಿಟ್ಟ, ಅಚ್ಚು ಹಾಕಿಸಲಿಲ್ಲ. ಆ ಕಾಗದಗಳನ್ನು ಮ್ಯಾಕ್ಸ್‌ವೆಲ್ ಪ್ರಕಟಿಸಿದ್ದು 1879ರಲ್ಲಿ. ಅಷ್ಟರೊಳಗೆ ನಿಯಮಕ್ಕೆ ಇನ್ನೊಬ್ಬನ ಹೆಸರು ನಿಂತುಹೋಗಿತ್ತು.

ಆ ಇನ್ನೊಬ್ಬನೇ ಗೆಯೋರ್ಗ್ ಸಿಮೋನ್ ಓಮ್. 1789ರಲ್ಲಿ ಜರ್ಮನಿಯ ಎರ್ಲಾಂಗೆನ್ನಿನಲ್ಲಿ ಬೀಗ ಮಾಡುವವನ ಮಗನಾಗಿ ಹುಟ್ಟಿದ. ತಂದೆ ಶಾಲೆಯ ನೆರವಿಲ್ಲದೆ ಗಣಿತ ಕಲಿತು ಮಕ್ಕಳಿಗೂ ಕಲಿಸಿದವನು. ಮಗ ಕಲೋನಿನ ಪ್ರೌಢಶಾಲೆಯಲ್ಲಿ ಗಣಿತದ ಮತ್ತು ಭೌತವಿಜ್ಞಾನದ ಉಪಾಧ್ಯಾಯನಾದ. ಪಾಠದ ಹೊರೆಯ ನಡುವೆ ಬಿಡುವು ಮಾಡಿಕೊಂಡು ತಂತಿಗಳನ್ನು ಪರೀಕ್ಷಿಸತೊಡಗಿದ.

ತೊಡಕು ಇದ್ದದ್ದು ಗಣಿತದಲ್ಲಲ್ಲ. ಅಂದಿನ ವಿದ್ಯುತ್ಕೋಶಗಳು ಬಹು ಚಂಚಲ. ತಂತಿ ಜೋಡಿಸಿದ ಕ್ಷಣದಿಂದಲೇ ಅವುಗಳ ಬಲ ಕುಗ್ಗುತ್ತ ಹೋಗುತ್ತಿತ್ತು. ತಕ್ಕಡಿಯ ಬಟ್ಟೇ ಸವೆಯುತ್ತಿದ್ದರೆ ತೂಕವನ್ನು ನಂಬುವುದು ಹೇಗೆ? 1825ರಲ್ಲಿ ಇಂಥ ಕೋಶಗಳಿಂದ ಪ್ರಯೋಗ ಮಾಡಿ ಓಮ್ ಪ್ರಕಟಿಸಿದ ಮೊದಲ ಸೂತ್ರ ಸರಿಯಾದುದಾಗಿರಲಿಲ್ಲ. ಆಗ ಪೊಗೆನ್‌ಡಾರ್ಫ್ ಎಂಬ ಪತ್ರಿಕಾ ಸಂಪಾದಕ ಒಂದು ಸಲಹೆ ಕೊಟ್ಟ: ಕೋಶವನ್ನು ಬಿಟ್ಟು, ಶಾಖದಿಂದ ವಿದ್ಯುತ್ತು ಹುಟ್ಟಿಸುವ ಜೀಬೆಕ್ಕನ ಹೊಸ ಉಪಾಯವನ್ನು ಹಿಡಿ. ಸಂಪಾದಕರಿಂದ ಇಂಥ ಉಪಕಾರವೂ ಆಗುವುದುಂಟು!

1826ರ ಪ್ರಯೋಗವನ್ನು ಓದಿದಾಗ ನನಗಾದ ಸಂತೋಷ ಒಂದು ಒಳ್ಳೆಯ ಕವಿತೆ ಓದಿದಾಗಿನ ಸಂತೋಷಕ್ಕೆ ಕಡಮೆಯದಲ್ಲ. ಬಿಸ್ಮತ್ ಲೋಹದ ಒಂದು ಪಟ್ಟಿ. ಅದರ ಎರಡು ತುದಿಗೂ ತಾಮ್ರದ ಬೆಸುಗೆ. ಒಂದು ಬೆಸುಗೆ ಕುದಿಯುವ ನೀರಿನಲ್ಲಿ, ಇನ್ನೊಂದು ಹಿಮದಲ್ಲಿ. ಕುದಿನೀರಿನ ಬಿಸಿಯೂ ಕರಗುವ ಹಿಮದ ತಂಪೂ ಬದಲಾಗುವುದಿಲ್ಲವಾದ್ದರಿಂದ ಹುಟ್ಟುವ ಒತ್ತಡವೂ ಬದಲಾಗದು. ಈ ಜೋಡಿಗೆ ಒಂದೇ ದಪ್ಪದ, ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದಾದ ಮೇಲೊಂದರಂತೆ ಸೇರಿಸಿದ. ತೂಗುಬಿಟ್ಟ ಕಾಂತಸೂಜಿ ಪ್ರವಾಹಕ್ಕೆ ತಿರುಗುತ್ತಿತ್ತು. ಅದನ್ನು ಮತ್ತೆ ಮೊದಲಿನ ನೆಲೆಗೆ ತರಲು ಮೇಲಿನ ತೂಗುಪಟ್ಟಿಯನ್ನು ಎಷ್ಟು ಹುರಿಮಾಡಬೇಕೋ ಅದೇ ಪ್ರವಾಹದ ಅಳತೆ. ತಂತಿ ಉದ್ದವಾದಂತೆ ಪ್ರವಾಹ ತಗ್ಗಿತು. ತಗ್ಗಿದ ಬಗೆಯನ್ನು ಓಮ್ ಒಂದು ಭಿನ್ನರಾಶಿಯಲ್ಲಿ ಹಿಡಿದಿಟ್ಟ. ಮೇಲೆ ಬಿಸಿ-ತಂಪಿನ ಅಂತರದಿಂದ ಬಂದ ಬಲ. ಕೆಳಗೆ ತಂತಿಯ ಉದ್ದ, ಅದರೊಡನೆ ಉಳಿದ ಸಾಮಗ್ರಿಯೆಲ್ಲ ಒಡ್ಡುವ ತಡೆ. ಇಂದಿನ ಹುಡುಗನ ಭಾಗಾಕಾರ ಇದೇ.

ಮರುವರ್ಷ, 1827ರಲ್ಲಿ, ಬರ್ಲಿನ್ನಿನಲ್ಲಿ ಆತನ ಪುಸ್ತಕ ಹೊರಬಂತು. ವಿಶ್ವವಿದ್ಯಾಲಯದ ಪೀಠವೊಂದು ದೊರೆಯಬಹುದೆಂಬ ಆಸೆಯಿತ್ತು, ದೊರೆಯಲಿಲ್ಲ. ಪೋಲ್ ಎಂಬ ವಿದ್ವಾಂಸ ಪುಸ್ತಕವನ್ನು ಕಟುವಾಗಿ ಟೀಕಿಸಿದ. ಕಲೋನಿನ ಕೆಲಸವನ್ನೂ ಬಿಟ್ಟ ಓಮ್ ಬರ್ಲಿನ್ನಿನಲ್ಲಿ ಗಣಿತ ಹೇಳಿಕೊಟ್ಟು ಕಾಲ ನೂಕಿದ. ನ್ಯೂರೆಂಬರ್ಗಿನಲ್ಲಿ ಒಂದು ನೆಲೆ ಸಿಕ್ಕಿದ್ದು 1833ರಲ್ಲಿ. ಇದಕ್ಕೆ ಟೀಕಾಕಾರರನ್ನಷ್ಟೇ ದೂರುವುದು ವಾಡಿಕೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಹಿಮ, ಕುದಿನೀರುಗಳ ಆ ಚೆಲುವಾದ ಪ್ರಯೋಗವನ್ನು ಹಿಂದಕ್ಕೆ ಸರಿಸಿ, ಪುಸ್ತಕದ ತುಂಬ ಕಠಿಣ ಗಣಿತವನ್ನು ಮುಂದೊಡ್ಡಿದರೆ ಓದುಗ ಬೆದರದೆ ಇರುತ್ತಾನೆಯೆ? ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ಕೊಟ್ಟದ್ದು 1841ರಲ್ಲಿ. ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನಾದದ್ದು 1852ರಲ್ಲಿ. ಎರಡು ವರ್ಷಕ್ಕೆ ತೀರಿಕೊಂಡ. 1881ರ ಪ್ಯಾರಿಸ್ ಸಮ್ಮೇಳನ ರೋಧದ ಮಾನಕ್ಕೆ ಆತನ ಹೆಸರನ್ನು ಸ್ಥಿರಪಡಿಸಿತು. ಕನ್ನಡದಲ್ಲಿ ಅದನ್ನು ‘ಓಂ’ ಎಂದೇ ಬರೆಯುವವರುಂಟು. ಭೌತವಿಜ್ಞಾನದ ಪುಸ್ತಕದಲ್ಲಿ ಪ್ರಣವ ಕಂಡಂತಾಗುತ್ತದೆ.

ಲೆಕ್ಕದ ಉಳಿದರ್ಧ ಬಂದದ್ದು ಮ್ಯಾಂಚೆಸ್ಟರ್ ಕಡೆಯಿಂದ. ಬಿಯರ್ ಭಟ್ಟಿಯವನ ಮಗ ಜೇಮ್ಸ್ ಜೌಲ್ ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅಳೆದ. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು ಎಂದು 1841ರಲ್ಲಿ ಪ್ರಕಟಿಸಿದ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಶಾಖವಾಗಿ ವ್ಯಯವಾಗುವ ಸಾಮರ್ಥ್ಯ ಬರುತ್ತದೆ. ಇಸ್ತ್ರಿ ಪೆಟ್ಟಿಗೆಯ ಸಾವಿರ ವಾಟೂ ಇದೇ.

ಇಸ್ತ್ರಿಗೆ ಶಾಖವೇ ಬೇಕು. ದೂರಕ್ಕೆ ವಿದ್ಯುತ್ತು ಸಾಗಿಸುವವನಿಗೆ ಅದೇ ನಷ್ಟ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಗೂ ಈ ಲೆಕ್ಕ ತಪ್ಪಿದ್ದಲ್ಲ. ಕಾವೇರಿಯ ಬಲವನ್ನು ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಬೇಕು. ನಡುವೆ ತೊಂಬತ್ತೆರಡು ಮೈಲಿ. ಗಣಿಗೆ ಬೇಕಾದದ್ದು ಸುಮಾರು 4,000 ಅಶ್ವಶಕ್ತಿ, ಎಂದರೆ ಮೂವತ್ತು ಲಕ್ಷ ವಾಟಿನ ಹತ್ತಿರ. ಮೂರು ತಂತಿಗಳ ವ್ಯವಸ್ಥೆಯ ಸೂಕ್ಷ್ಮಗಳನ್ನು ಬಿಟ್ಟು ಸ್ಥೂಲವಾಗಿ ಎಣಿಸೋಣ. 3,500 ವೋಲ್ಟಿನಲ್ಲಿ ಕಳುಹಿಸಿದರೆ ಎಂಟುನೂರೈವತ್ತಕ್ಕೂ ಹೆಚ್ಚು ಆಂಪಿಯರ್ ಹರಿಯಬೇಕು; 35,000 ವೋಲ್ಟಿನಲ್ಲಿ ಎಂಬತ್ತಾರು ಸಾಕು. ಪ್ರವಾಹ ಹತ್ತರಲ್ಲೊಂದು ಪಾಲಾದರೆ ಅದೇ ತಂತಿಯಲ್ಲಿ ಶಾಖವಾಗಿ ಪೋಲಾಗುವುದು ನೂರರಲ್ಲೊಂದು ಪಾಲು. ಇಂಜಿನಿಯರುಗಳು ಆರಿಸಿದ್ದು 35,000 ವೋಲ್ಟ್. ಅಷ್ಟು ದೂರಕ್ಕೆ ಅಂಥ ಒತ್ತಡದಲ್ಲಿ ವಿದ್ಯುತ್ತು ಒಯ್ಯುವುದು ಆಗಿನ ಕಾಲಕ್ಕೆ ದೊಡ್ಡ ಸಾಹಸವೇ. 1902ರ ಜೂನ್ ತಿಂಗಳಲ್ಲಿ ಕಾವೇರಿಯ ವಿದ್ಯುತ್ತು ಗಣಿಯನ್ನು ಮುಟ್ಟಿತು. ಮೂರು ವರ್ಷ ಕಳೆದು, 1905ರಲ್ಲಿ, ಬೆಂಗಳೂರಿನ ಬೀದಿ ದೀಪಗಳೂ ಅದರಿಂದಲೇ ಹೊತ್ತಿಕೊಂಡವು.