ತಲೆಬುರುಡೆಯ ಕೋಟೆಯೊಳಗಣ ನೋಟ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಹೊರಗೆ ನಿಂತು ಎಷ್ಟು ನೋಡಿದರೂ ಒಳಗಣ ಸಮಾಚಾರ ತಿಳಿಯಲಾರದು. ಮಿದುಳಿನ ವಿಷಯದಲ್ಲಿ ವೈದ್ಯರ ಪಾಡೂ ಬಹುಕಾಲ ಹೀಗೆಯೇ ಇದ್ದಿತು. ತಲೆಬುರುಡೆಯೊಳಗೆ ಗೆಡ್ಡೆ ಬೆಳೆದರೆ, ರೋಗಿಯ ತಲೆನೋವು, ವಾಂತಿ, ಕಣ್ಣಿನ ಮಸಕು, ಕೈಕಾಲುಗಳ ದೌರ್ಬಲ್ಯ ಇವುಗಳಿಂದಲೇ ಅದರ ನೆಲೆಯನ್ನು ಊಹಿಸಬೇಕಾಗಿದ್ದಿತು. ಊಹೆ ತಪ್ಪಿದರೆ ಶಸ್ತ್ರವೂ ತಪ್ಪಿದಂತೆಯೇ ಸರಿ.

೧೮೯೫ರಲ್ಲಿ ಜರ್ಮನಿಯ ರಂಟ್‌ಗೆನ್ ಕ್ಷಕಿರಣಗಳನ್ನು ಕಂಡುಹಿಡಿದನು. ಅವು ಎಲುಬನ್ನು ತೋರಿದುವೇ ಹೊರತು ಮೃದುವಾದ ಮಿದುಳನ್ನು ತೋರಲಿಲ್ಲ. ೧೯೧೮ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಮಿದುಳಿನ ಕುಹರಗಳಿಗೆ ಗಾಳಿ ತುಂಬಿ ಚಿತ್ರ ತೆಗೆಯುವ ಕ್ರಮವನ್ನು ತಂದನು; ೧೯೨೭ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೋನಿಜ್, ಕಿರಣಗಳನ್ನು ತಡೆಯುವ ದ್ರವವನ್ನು ರಕ್ತನಾಳಕ್ಕೆ ಸೇರಿಸಿ ನಾಳಗಳನ್ನು ಕಂಡನು. ಕುಹರವೋ ನಾಳವೋ ಪಕ್ಕಕ್ಕೆ ಸರಿದಿದ್ದರೆ ಅಲ್ಲಿ ಗೆಡ್ಡೆಯಿದೆಯೆಂದು ತರ್ಕ. ಕಂಡದ್ದು ಕಳ್ಳನನ್ನಲ್ಲ, ಅವನ ಹೆಜ್ಜೆಯ ಗುರುತನ್ನು. ರೋಗಿಗಾದರೋ ಅಪಾರ ಯಾತನೆ.

೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನ ಅಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಹೌನ್ಸ್‌ಫೀಲ್ಡನ ಯಂತ್ರವು ಮೊದಲ ರೋಗಿಯ ಮಿದುಳನ್ನು ಪದರವಾಗಿ ತೋರಿತು. ಒಂದೊಂದು ಡಿಗ್ರಿ ತಿರುಗುತ್ತ ೧೮೦ ಕೋನಗಳಿಂದ, ಕೋನಕ್ಕೆ ೧೬೦ರಂತೆ ೨೮,೮೦೦ ಅಳತೆಗಳು. ಗಣಕಯಂತ್ರವು ಅವನ್ನು ಕೂಡಿಸಿ ಚಿತ್ರವಾಗಿಸಿತು.

ಅದೇ ೧೯೭೧ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಅವರು ಈ ಗಣಿತವನ್ನು ಸುಲಭಗೊಳಿಸುವ ಪ್ರಬಂಧವೊಂದನ್ನು ಪ್ರಕಟಿಸಿದರೆಂಬುದು ನಮಗೆ ಅಭಿಮಾನದ ಸಂಗತಿ. ಪ್ರತಿಯೊಂದು ಕೋನದ ನೆರಳನ್ನು ಇದ್ದಂತೆಯೇ ಹಿಂದಕ್ಕೆ ಹರಡಿದರೆ ಚಿತ್ರ ಮಸಕಾಗುತ್ತದೆ. ಮೊದಲು ಅದನ್ನು ತಕ್ಕ ಲೆಕ್ಕದಿಂದ ಸೋಸಿ ಆಮೇಲೆ ಹರಡಿದರೆ ಸ್ಪಷ್ಟವಾಗುತ್ತದೆ. ಈ ಸೋಸುವಿಕೆಗೆ ಇಂದಿಗೂ ‘ರಾಮ್-ಲಾಕ್’ ಎಂಬ ಹೆಸರುಂಟು. ಮೈಸೂರು ಅರಸರು ಭೂಮಿಯಿತ್ತ ಆ ಸಂಸ್ಥೆಯ ಇನ್ನೊಂದು ಆವರಣವು ಈಗ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿಯಲ್ಲಿದೆ.

ಬಳಿಕ ೧೯೭೩ರಲ್ಲಿ ಲಾಟರ್‌ಬರ್ ತೋರಿದ ದಾರಿಯಿಂದ ಎಂ.ಆರ್.ಐ. ಬಂದಿತು. ಕಾಂತಕ್ಷೇತ್ರದಲ್ಲಿ ದೇಹದ ನೀರಿನಲ್ಲಿರುವ ಜಲಜನಕದ ಸ್ಪಂದನವನ್ನು ಕೇಳಿ ಚಿತ್ರ ಬರೆಯುವ ವಿಧಾನವಿದು.

ನೋಡುವುದು ಸಾಧ್ಯವಾದ ಮೇಲೆ ಅಳೆಯುವ ಪ್ರಶ್ನೆ ಹುಟ್ಟಿತು. ಚಿಕಿತ್ಸೆ ಫಲಿಸಿತೆ? ೧೯೯೦ರ ಮ್ಯಾಕ್‌ಡೊನಾಲ್ಡ್ ನಿಯಮದಂತೆ, ಗೆಡ್ಡೆಯ ಅಡ್ಡ ಉದ್ದಗಳ ಗುಣಲಬ್ಧವು ಅರ್ಧಕ್ಕಿಳಿದರೆ ಗುಣ, ನೂರಕ್ಕೆ ೨೫ರಷ್ಟು ಏರಿದರೆ ಉಲ್ಬಣ. ರೋಗಿಯ ಸ್ಥಿತಿಯನ್ನೂ ಔಷಧವನ್ನೂ ಜೊತೆಗೆ ಗಮನಿಸಬೇಕು. ಆದರೆ ವಿಕಿರಣ ಚಿಕಿತ್ಸೆಯಾದ ಮೊದಲ ಮೂರು ತಿಂಗಳಲ್ಲಿ ಊತವೇ ಬೆಳವಣಿಗೆಯಂತೆ ಕಾಣುವುದುಂಟು. ಈ ಹುಸಿ ಬೆಳವಣಿಗೆಯನ್ನು ನಂಬಿ ಫಲಿಸುತ್ತಿರುವ ಔಷಧವನ್ನು ನಿಲ್ಲಿಸಿದರೆ ರೋಗಿಗೆ ನಷ್ಟ. ನಿಜವಾದುದನ್ನು ಹುಸಿಯೆಂದು ಕಾದರೂ ನಷ್ಟ. ೨೦೧೦ರ ಹೊಸ ನಿಯಮಗಳು ಈ ಎಚ್ಚರಿಕೆಯನ್ನು ಸೇರಿಸಿಕೊಂಡುವು.

ಶ್ರೋತೃಗಳೇ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬೆಂಗಳೂರಿನ ನಿಮ್ಹಾನ್ಸಿಗೆ ಹೋಗುವ ರೋಗಿಗೆ ಇದರಲ್ಲೊಂದು ಪಾಠವಿದೆ. ಒಂದು ಚಿತ್ರ ಇಂದಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ಹಿಂದಿನದರೊಡನೆ ಹೋಲಿಸಿದಾಗಲೇ ಅದು ಚರಿತ್ರೆಯಾಗುತ್ತದೆ. ಹಳೆಯ ಚಿತ್ರಗಳನ್ನು ಮನೆಯ ದಸ್ತಾವೇಜುಗಳಂತೆ ಜೋಪಾನವಾಗಿಡುವುದು ಸಣ್ಣ ಕೆಲಸ. ಆದರೆ ಅದರ ಮೇಲೆ ಒಂದು ಜೀವದ ತೀರ್ಮಾನ ನಿಂತಿರಬಹುದು.