ಮಜ್ಜೆಯ ಕಣ, ಎಲೆಯ ಸತ್ವ: ರಕ್ತೋತ್ಪತ್ತಿಯ ಇತಿಹಾಸದಲ್ಲಿ ಮುಂಬಯಿ ಪ್ರಾಂತ್ಯ

ಆಯುರ್ವೇದದ ಸಪ್ತಧಾತುಗಳ ಸರಣಿಯಲ್ಲಿ ರಕ್ತ ಎರಡನೆಯದು, ಮಜ್ಜೆ ಆರನೆಯದು. ರಸಧಾತುವು ಯಕೃತ್ತು ಮತ್ತು ಪ್ಲೀಹಗಳಲ್ಲಿ ಕೆಂಪೇರಿ ರಕ್ತವಾಗುತ್ತದೆಂದೂ, ಮಜ್ಜೆಯು ಅಸ್ಥಿಯ ಬಳಿಕ ಹುಟ್ಟುತ್ತದೆಂದೂ ಆ ಶಾಸ್ತ್ರ ಎಣಿಸಿತ್ತು. ಯುರೋಪಿನ ವೈದ್ಯರೂ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ರಕ್ತದ ತವರನ್ನು ಯಕೃತ್ತು, ಪ್ಲೀಹ, ದುಗ್ಧಗ್ರಂಥಿಗಳಲ್ಲಿಯೇ ಹುಡುಕುತ್ತಿದ್ದರು. ಈ ಎಣಿಕೆ ಪೂರ್ತಿ ತಪ್ಪೂ ಅಲ್ಲ, ಏಕೆಂದರೆ ಗರ್ಭಸ್ಥ ಶಿಶುವಿನಲ್ಲಿ ಕೆಲವು ತಿಂಗಳು ಯಕೃತ್ತೇ ರಕ್ತವನ್ನು ತಯಾರಿಸುತ್ತದೆ. 1868ರಲ್ಲಿ ಕ್ಯೋನಿಗ್ಸ್‌ಬರ್ಗಿನ ಅರ್ನ್ಸ್ಟ್ ನಾಯ್ಮನ್ ಎಲುಬಿನಿಂದ ಹಿಂಡಿ ತೆಗೆದ ರಸದಲ್ಲಿ ಕೋಶಕೇಂದ್ರವುಳ್ಳ ಕೆಂಪು ಕಣಗಳನ್ನು ಕಂಡು, ರಕ್ತಕಣ ಹುಟ್ಟುವುದು ಮಜ್ಜೆಯಲ್ಲಿ ಎಂದು ಸಾರಿದರು; ಇಟಲಿಯ ಜೂಲಿಯೊ ಬಿಜ್ಜೊಜೆರೊ ಅದೇ ವರ್ಷ ಸ್ವತಂತ್ರವಾಗಿ ಅದೇ ತೀರ್ಮಾನಕ್ಕೆ ಬಂದರು.

ವಯಸ್ಕರಲ್ಲಿ ಎದೆಯೆಲುಬು, ಪಕ್ಕೆಲುಬು, ಬೆನ್ನುಮೂಳೆ, ಸೊಂಟದ ಮೂಳೆಗಳ ಕೆಂಪು ಮಜ್ಜೆ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ಕಣಗಳನ್ನು ಹೊರಬಿಡುತ್ತದೆ. ಇಷ್ಟು ವೇಗದ ವಿಭಜನೆಗೆ ಪ್ರತಿ ಕಣವೂ ತನ್ನ ಡಿಎನ್‌ಎಯನ್ನು ಇಮ್ಮಡಿಗೊಳಿಸಬೇಕು. ಅದಕ್ಕೆ ಬೇಕಾದ ಸತ್ವ ಸಾಲದಾದಾಗ ಹಿಮೋಗ್ಲೋಬಿನ್ ತುಂಬುತ್ತಲೇ ಹೋದರೂ ಕೋಶಕೇಂದ್ರ ಎಳಸಾಗಿಯೇ ಉಳಿದು, ಒಡೆಯಲಾರದ ಕಣ ಊದಿಕೊಳ್ಳುತ್ತದೆ; 1880ರಲ್ಲಿ ಪಾಲ್ ಎರ್ಲಿಖ್ 'ಮೆಗಲೋಬ್ಲಾಸ್ಟ್' ಎಂದು ಹೆಸರಿಸಿದ ದೊಡ್ಡ ಮೂಲಕಣ ಇದೇ.

ಆ ಸತ್ವದ ಸುಳಿವು ದೊರೆತದ್ದು ಮುಂಬಯಿಯಲ್ಲಿ. 1928ರಲ್ಲಿ ಅಲ್ಲಿಗೆ ಬಂದ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಬಡ ಗರ್ಭಿಣಿಯರ ರಕ್ತಹೀನತೆಗೆ ಮೊದಲು ಸೋಂಕನ್ನು ಶಂಕಿಸಿ, ಬಳಿಕ ಊಟದತ್ತ ತಿರುಗಿ, ಯೀಸ್ಟಿನ ಅಗ್ಗದ ಸಾರವಾದ ಮಾರ್ಮೈಟ್ ಕೊಟ್ಟರೆ ರೋಗ ಗುಣವಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಪ್ರಯೋಗಶಾಲೆಯ ಬೆಡಗಿನ ಸಂಶೋಧನೆಗಳಿಗೆ ಸಿಕ್ಕ ಮನ್ನಣೆ ಹೆರಿಗೆ ವಾರ್ಡಿನ ಈ ಕೆಲಸಕ್ಕೆ ಸಿಗಲಿಲ್ಲವೆಂದೇ ಹೇಳಬೇಕು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು 4 ಟನ್ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ ಅದೇ ಸತ್ವಕ್ಕೆ ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಹೆಸರಾಯಿತು. ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿತು.

ವಿಲ್ಸ್ ಬಂದ ಕಾಲಕ್ಕೆ ಧಾರವಾಡ ಜಿಲ್ಲೆಯ ಭಾಗವಾಗಿ ಮುಂಬಯಿ ಪ್ರಾಂತ್ಯಕ್ಕೇ ಸೇರಿದ್ದ ನರಗುಂದದ ಎರೆಹೊಲದಲ್ಲಿ ಬೆಳೆಯುವ ಹೆಸರು, ಕಡಲೆಗಳಲ್ಲಿ ಈ ಸತ್ವ ಹೇರಳವಾಗಿದೆ. ಆದರೆ ಬಹುಹೊತ್ತು ಕುದಿಸಿದರೆ ಅದು ಗಣನೀಯವಾಗಿ ನಷ್ಟವಾಗುವುದರಿಂದ, ರೊಟ್ಟಿಯ ಜೊತೆಗೆ ಹಸಿಯಾಗಿಯೇ ತಿನ್ನುವ ಹಕ್ಕರಕಿಯಂಥ ಸೊಪ್ಪಿಗೆ ಇಲ್ಲಿನ ತಾಟಿನಲ್ಲಿ ಬೇರೆಯೇ ಬೆಲೆಯಿದೆ. ಕಾಳು, ಸೊಪ್ಪುಗಳಲ್ಲಿ ಸಿಗದ ಬಿ12 ಜೀವಸತ್ವ ಕಡಿಮೆಯಾದರೂ ಮಜ್ಜೆಯಲ್ಲಿ ಕಾಣುವುದು ಅದೇ ದೊಡ್ಡ ಕಣಗಳು. ಆಗ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತ ಸುಧಾರಿಸಿದರೂ ನರಗಳ ಹಾನಿ ಮುಂದುವರಿಯುವುದರಿಂದ, ವೈದ್ಯರು ಎರಡರ ಮಟ್ಟವನ್ನೂ ಪರೀಕ್ಷಿಸುತ್ತಾರೆ.